ಏಳನೆಯ ಬಾವಿಯ ಹೆಪ್ಪು

ಜಗತ್ತಿನಲ್ಲೆಲ್ಲ ಡೀಸೆಲ್ ಮುಗಿಯುತ್ತ ಬಂದ ಕಾಲದಲ್ಲಿ ಬೆಣಚಮರಡಿಯ ಮದುವೆ ದಿಬ್ಬಣ ಮಾತ್ರ ಇನ್ನೂ ಜೀಪಿನಲ್ಲೇ ಹೋಗುತ್ತಿತ್ತು. ಗುಡುಗುಡು ಎನ್ನುತ್ತ, ಹೊಗೆ ಬಿಡುತ್ತ ಹೋಗುವ ಆ ಜೀಪನ್ನು ನೋಡಲು ಬಾಗಲಕೋಟೆ, ಗದಗದ ಕಡೆಯಿಂದ ಮುದುಕರು ಬರುತ್ತಿದ್ದರು. ಹಿಂದೆ ನಿಂತು ಮೂಗಿನ ತುಂಬ ಹೊಗೆ ಎಳೆದುಕೊಂಡು, "ಆಹಾ, ನಮ್ಮ ಹರೇದಾಗ ಊರೆಲ್ಲಾ ಹಿಂಗ ನಾರತಿತ್ತು ನೋಡ್ರಿ" ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಕಣ್ಣೀರು ಹೊಗೆಗೆ ಬಂತೋ ನೆನಪಿಗೆ ಬಂತೋ, ಅದು ಅವರಿಗೇ ಗೊತ್ತು.

ಈ ಭಾಗ್ಯಕ್ಕೆಲ್ಲ ಕಾರಣ ಒಂದು ಹುಳ. ಹುಳ ಎನ್ನುವುದು ಊರವರ ಮಾತು. ಅದು ನಿಜಕ್ಕೂ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಅದನ್ನು ಹುಡುಕಿ ಸಾಕಿದವಳು ನೀಲಾಂಬಿಕಾ ಹಂಚಿನಾಳ, ಎಣ್ಣೆ ಕಂಪನಿಯ ಪ್ರಯೋಗಾಲಯದ ಮುಖ್ಯಸ್ಥೆ, ಇದೇ ಊರಿನ ಸೊಸೆ.

ಎಣ್ಣೆಬಾವಿ ಎಂದ ಕೂಡಲೇ ಕೆಳಗೊಂದು ಎಣ್ಣೆಯ ಕೆರೆ ಇದೆ ಎಂದು ತಿಳಿಯುವವರೇ ಹೆಚ್ಚು. ಕೆರೆಯೂ ಇಲ್ಲ, ಕುಂಟೆಯೂ ಇಲ್ಲ. ಮರಳುಗಲ್ಲಿನ ಸಂದುಸಂದಿನಲ್ಲಿ ಎಣ್ಣೆ ಅಂಟಿಕೊಂಡಿರುತ್ತದೆ, ಎಣ್ಣೆಗಡಿಗೆಯ ಒಳಮೈಗೆ ಜಿಡ್ಡು ಹತ್ತಿದ ಹಾಗೆ. ಪಂಪು ಎಷ್ಟು ಎಳೆದರೂ ಮೂರರಲ್ಲಿ ಒಂದು ಪಾಲು ಮೇಲೆ ಬಂದರೆ ಪುಣ್ಯ. ಉಳಿದದ್ದು ಕಲ್ಲನ್ನು ಬಿಡುವುದಿಲ್ಲ. ನೀಲಾಂಬಿಕಾ ಸಾಕಿದ ಹುಳ ಆ ಆಳದ ಬಿಸಿಯಲ್ಲೂ ಬದುಕುತ್ತದೆ, ಸಿಹಿ ತಿನ್ನುತ್ತದೆ, ಸೋಪಿನಂಥ ರಸ ಬಿಡುತ್ತದೆ. ಆ ರಸಕ್ಕೆ ಜಿಡ್ಡು ಕಲ್ಲು ಬಿಡುತ್ತದೆ. ಸಿಹಿಗೇನು ಬರವೇ? ಸುತ್ತಲೂ ಸಕ್ಕರೆ ಕಾರ್ಖಾನೆಗಳು, ಕಾಕಂಬಿ ಟ್ಯಾಂಕರುಗಟ್ಟಲೆ. ಬಾವಿಗೆ ಕಾಕಂಬಿ ಸುರಿದು, ಹುಳ ಬಿಟ್ಟು, ಬಾಯಿ ಮುಚ್ಚಿ ಕೆಲವು ವಾರ ಬಿಟ್ಟರೆ ಸತ್ತ ಬಾವಿಯೂ ಎದ್ದು ಕೂರುತ್ತಿತ್ತು. "ಭೂಮ್ತಾಯಿಗೆ ಬೆಲ್ಲಾ ತಿನಿಸಿ ಎಣ್ಣಿ ಕರಕೋತಾಳ ನಮ್ಮ ಸೊಸಿ" ಎಂದು ಅತ್ತೆ ಗೌರವ್ವ ಓಣಿಯೆಲ್ಲ ಹೇಳಿಕೊಂಡು ಬಂದಳು. ಬತ್ತಬೇಕಿದ್ದ ಬಾವಿಗಳು ಹತ್ತು-ಹನ್ನೊಂದು ವರ್ಷ ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಒಂದೇ ಸಮನೆ ಕೊಟ್ಟವು.

ಬಾವಿಗೆ ಭೂಮಿ ಕೊಟ್ಟ ಹತ್ತು ಹಳ್ಳಿಗಳಿಗೆ ಕಂಪನಿ ಆಯ ಕಟ್ಟಿತ್ತು. ಹಿಂದಿನ ಕಾಲದಲ್ಲಿ ಬಡಿಗ, ಕಂಬಾರರಿಗೆ ಸುಗ್ಗಿಯ ರಾಶಿಯಿಂದಲೇ ಪಾಲು ಕೊಡುತ್ತಿದ್ದರಲ್ಲ, ಅದೇ ಪದ್ಧತಿ. ಬಾವಿ ಹರಿಯುವತನಕ ಈ ಊರುಗಳ ಟ್ರ್ಯಾಕ್ಟರಿಗೆ, ಪಂಪ್‌ಸೆಟ್ಟಿಗೆ ಬೇಕಾದ ಡೀಸೆಲ್ ಕಂಪನಿಯ ಗೇಟಿನಲ್ಲೇ ಸಿಗಬೇಕು. ಉಳಿದ ಜಿಲ್ಲೆಯೆಲ್ಲ ಬ್ಯಾಟರಿ ಟ್ರ್ಯಾಕ್ಟರಿಗೆ ಬದಲಾಯಿತು. ಜನ ಚಾರ್ಜಿಗೆ ಸರದಿ ನಿಂತರು, ಸರಕಾರಕ್ಕೆ ಬೈದರು, ಕೊನೆಗೆ ರೂಢಿ ಮಾಡಿಕೊಂಡರು. ಈ ಹತ್ತೂರು ಮಾತ್ರ ಮಿಸುಕಲಿಲ್ಲ. ಬದಲಾಗಿ ಎಂದು ಹೇಳಲು ಬಂದ ಅಧಿಕಾರಿಗಳಿಗೆ ಚಹಾ ಕುಡಿಸಿ ಕಳಿಸುತ್ತಿದ್ದವನು ಹತ್ತೂರ ಸೊಸೈಟಿಯ ಚೇರ್ಮನ್ ಗುರುಪಾದಪ್ಪ, ನೀಲಾಂಬಿಕಾಳ ಗಂಡ. "ನನ್ನ ಹೇಂತಿ ಹುಳಾ ಅದಾವಲ್ಲ, ಇನ್ನ ಇಪ್ಪತ್ತು ವರ್ಷ ಎಣ್ಣಿಗೆ ಚಿಂತಿಲ್ಲ" ಎಂದು ಅವನು ಎದೆ ತಟ್ಟಿ ಹೇಳುವಾಗ ನೀಲಾಂಬಿಕಾಳಿಗೆ ಒಳಗೊಳಗೇ ಹಿಗ್ಗು. ಇಪ್ಪತ್ತು ಎಂಬುದು ಎಲ್ಲಿಂದ ಬಂತು ಎಂದು ಅವಳಿಗೂ ಗೊತ್ತಿರಲಿಲ್ಲ. ಆದರೆ ಗಂಡ ನಾಲ್ಕು ಜನರ ಮುಂದೆ ಹೊಗಳುವಾಗ ತಿದ್ದಲು ಯಾರಿಗೆ ಮನಸ್ಸು ಬರುತ್ತದೆ?

ಆ ವರ್ಷ ಶ್ರಾವಣ ಕಳೆಯುವ ಹೊತ್ತಿಗೆ ಕಂಟ್ರೋಲ್ ರೂಮಿನ ಪರದೆಯ ಮೇಲೆ ಒಂದು ಗೆರೆ ಏರತೊಡಗಿತು. ಬಾವಿಯಿಂದ ಎಣ್ಣೆಯೊಂದೇ ಬರುವುದಿಲ್ಲ, ನೀರೂ ಬರುತ್ತದೆ. ಆ ನೀರಿನ ಪಾಲಿನ ಗೆರೆ ಅದು. ಫೀಲ್ಡ್ ಮ್ಯಾನೇಜರ್ ಶ್ರೀಕಂಠಯ್ಯ ತುಮಕೂರು ಕಡೆಯವರು, ಒಳ್ಳೆಯ ಮನುಷ್ಯ, ಮಾತು ಮಾತ್ರ ಚುರುಕು.

"ಮೇಡಂ, ನಿಮ್ಮ ಹುಳಗಳು ಸೋಮಾರಿಗಳಾಗಿವೆ ಕಣ್ರೀ" ಎಂದರು. "ಹಾಕಿದ್ದನ್ನೆಲ್ಲ ತಿಂತವೆ, ಕೆಲಸ ಮಾತ್ರ ಮಾಡಲ್ಲ. ನಮ್ಮ ಹೆಡ್ ಆಫೀಸಿನವರ ಥರ."

"ಹುಳಾ ಸೋಮಾರಿ ಆಗೂದಿಲ್ರಿ ಸರ್. ಏನೋ ಬ್ಯಾರೆ ಆಗೇತಿ. ನೋಡ್ತೇನಿ" ಎಂದಳು ನೀಲಾಂಬಿಕಾ.

ನೋಡಿದಳು. ಧಾರವಾಡದ ಒಂದು ಶೀತಲಗೃಹದಲ್ಲಿ ಮೊದಲ ವರ್ಷದ ಮೂಲ ಹೆಪ್ಪನ್ನು, ಅಂದರೆ ಬೀಜದ ಹುಳವನ್ನು, ಇಡಿಸಿದ್ದಳು. ಅದನ್ನು ತರಿಸಿ, ಈಗಿನ ಹುಳದ ಪಕ್ಕದಲ್ಲಿಟ್ಟು, ಎರಡಕ್ಕೂ ಒಂದೊಂದು ಚಿಟಿಕೆ ಮರಳು ಹಾಕಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಳು. ಹಳೆಯ ಹುಳಗಳು ಮರಳಿನ ಕಣಕ್ಕೆ ಉಡದಂತೆ ಕಚ್ಚಿಕೊಂಡವು. ಹೊಸವು ಮರಳಿನ ಗೊಡವೆಯೇ ಬೇಡವೆಂದು ಆಚೀಚೆ ಈಜಾಡುತ್ತಿದ್ದವು.

ಅಯ್ಯೋ ಶಿವನೇ, ಎಂದುಕೊಂಡಳು. ತಪ್ಪು ಎಲ್ಲಾಯಿತೆಂದು ಆ ಕ್ಷಣವೇ ಹೊಳೆಯಿತು.

ಒಂದು ಬಾವಿಗೆ ಹುಳ ಬೇಕಾದಾಗ ಅವಳ ಪ್ರಯೋಗಾಲಯದಲ್ಲಿ ಮೂಲ ಹೆಪ್ಪನ್ನು ಯಾರೂ ಮುಟ್ಟುತ್ತಿರಲಿಲ್ಲ. ಚೆನ್ನಾಗಿ ಕೊಡುತ್ತಿರುವ ಬಾವಿಯಿಂದ ಬಂದ ನೀರನ್ನೇ ಒಂದು ಕ್ಯಾನಿನಲ್ಲಿ ತಂದು, ಅದರೊಳಗಿನ ಹುಳವನ್ನೇ ಬೆಳೆಸಿ ಇನ್ನೊಂದಕ್ಕೆ ಬಿಡುತ್ತಿದ್ದರು. ಅಲ್ಲಿದ್ದವರೆಲ್ಲ ಮೊಸರನ್ನು ಅಂಗಡಿಯಿಂದ ತಾರದ ಮನೆಯವರು. ನಿನ್ನೆಯ ಮೊಸರೇ ಇಂದಿನ ಹೆಪ್ಪು ಎಂಬುದು ಅವರಿಗೆ ಕೂತು ಯೋಚಿಸುವ ವಿಷಯವೇ ಆಗಿರಲಿಲ್ಲ. ಜೊತೆಗೆ, ಬಾವಿಯ ಬಿಸಿಯುಂಡು ಪಳಗಿದ ಹುಳ ಇನ್ನೂ ಗಟ್ಟಿ ಎಂಬ ನಂಬಿಕೆ ಬೇರೆ. ಆದರೆ ಎಣ್ಣೆ ನೀರಿನ ಜೊತೆ ಮೇಲೆ ಬರುವ ಹುಳ ಯಾವುದು? ಕಲ್ಲಿಗೆ ಕಚ್ಚಿಕೊಂಡು ದುಡಿಯುವ ಹುಳ ಅಲ್ಲೇ ಉಳಿಯುತ್ತದೆ. ಹಿಡಿತ ಬಿಟ್ಟು ತೇಲುವುದೇ ಮೇಲೆ ಬರುತ್ತದೆ. ಹೀಗೆ ವರ್ಷ ವರ್ಷವೂ ಓಡಿಬಂದವರನ್ನೇ ಆರಿಸಿ ಆರಿಸಿ, ಅವರ ಸಂತಾನವನ್ನೇ ಬೆಳೆಸಿದ್ದರು.

ತಪ್ಪು ತನ್ನದೇ ಎಂದು ಗೊತ್ತಾದಾಗ ಯಾರಾದರೂ ಹಿಗ್ಗುವುದುಂಟೇ? ನೀಲಾಂಬಿಕಾ ಹಿಗ್ಗಿದಳು. ತಪ್ಪು ತನ್ನದಾದರೆ ತಿದ್ದುವುದೂ ತನ್ನ ಕೈಯಲ್ಲೇ ಇದೆಯಲ್ಲ. ಕೈ ತೊಳೆದುಕೊಂಡು, ಹಗುರಾಗಿ ಮನೆಗೆ ಹೋದಳು.

ಮನೆಯಲ್ಲಿ ಗುರುಪಾದಪ್ಪ ಪಡಸಾಲೆಯಲ್ಲಿ ಕೂತು ರೊಟ್ಟಿ, ಝುಣಕ ತಿನ್ನುತ್ತಿದ್ದ. ಅವಳು ಹೇಳಿದ್ದನ್ನು ಕೇಳಿ ಜೋರಾಗಿ ನಕ್ಕ.

"ಇಷ್ಟ ಏನು? ಹೆಪ್ಪು ಬದಲಿ ಮಾಡಿದ್ರ ಆತಲ್ಲ! ನಾ ಏನೋ ಅಂತ ಎದಿ ಒಡಕೊಂಡಿದ್ದೆ."

"ನನ್ನ ಸೊಸಿ ತಪ್ಪು ಮಾಡ್ಯಾಳಂತ, ಅದಕ್ಕ ಕುಣಿಯಾಕತ್ಯಾಳ ನೋಡೋ!" ಎಂದು ಗೌರವ್ವ ಒಳಗಿನಿಂದಲೇ ಹಂಗಿಸಿದಳು. "ನಾ ಪಲ್ಯಾಕ್ಕ ಎರಡ ಸಲ ಉಪ್ಪು ಹಾಕಿದ್ರ ಮಾತ್ರ ಮೂರ ದಿನಾ ಮಾತಾಡ್ತೀರಿ."

ಗುರುಪಾದಪ್ಪನ ನೆಮ್ಮದಿಗೆ ಇನ್ನೊಂದು ಕಾರಣವಿತ್ತು. ಜಿಲ್ಲೆಯ ವಿದ್ಯುತ್ ಅಧಿಕಾರಿ ಕೊನೆಯ ಸಲ ಬರುತ್ತಿದ್ದ. ಹತ್ತೂರು ಈಗ ಒಪ್ಪಿಕೊಂಡರೆ ಹೊಲಗಳಿಗೆ ಹೊಸ ವಿದ್ಯುತ್ ಲೈನು, ಬ್ಯಾಟರಿ ಟ್ರ್ಯಾಕ್ಟರು, ಪಂಪು. ಒಲ್ಲೆ ಎಂದರೆ ಆ ಲೈನು ಬೇರೆ ತಾಲೂಕಿಗೆ ಹೋಗುತ್ತದೆ, ಮತ್ತೆ ಈ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಸಭೆ ಮುಂದಿನ ತಿಂಗಳು. ಒಪ್ಪಿಕೊಂಡವರಿಗೆ ಲೈನು ಬಂದ ದಿನದಿಂದ ಡೀಸೆಲ್ಲಿನ ಆಯ ನಿಲ್ಲುತ್ತದೆ ಎಂಬ ಶರತ್ತೂ ಇತ್ತು.

"ಒಲ್ಲೆ ಅಂತ ಹೇಳಿ ಕಳಸೂದ" ಎಂದು ಗುರುಪಾದಪ್ಪ ಕೈ ತೊಳೆದ.

"ಏಳನೇ ಬಾವಿಗೆ ಹೊಸಾ ಹೆಪ್ಪು ಬಿಡ್ತೇನಿ. ಅದನ್ನ ನೋಡಿ ಆಮ್ಯಾಲೆ ಹೇಳ್ರಿ" ಎಂದಳು ಅವಳು.

"ನೋಡೂದೇನೈತಿ ಅದರಾಗ? ನಿನ್ನ ಕೈಗುಣಾ ನನಗ ಗೊತ್ತಿಲ್ಲೇನು?"

ಏಳನೆಯ ಬಾವಿಗೆ ಮೂಲ ಹೆಪ್ಪು ಇಳಿಯಿತು, ಕಾಕಂಬಿ ಇಳಿಯಿತು, ಬಾಯಿ ಮುಚ್ಚಿತು. ತೆರೆಯುವ ದಿನ ಬೆಳಿಗ್ಗೆ ಕಂಟ್ರೋಲ್ ರೂಮಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಪಾಳಿ ಮುಗಿದವರೂ ಮನೆಗೆ ಹೋಗಿರಲಿಲ್ಲ. ವಾಲ್ವು ತೆರೆದ ಕೂಡಲೇ ಒತ್ತಡದ ಮುಳ್ಳು ಜಿಗಿಯಿತು. ಎಣ್ಣೆ ಬಂತು, ಗಟ್ಟಿಯಾಗಿ ಕಪ್ಪಗೆ ಬಂತು. ಶ್ರೀಕಂಠಯ್ಯ ಮೊದಲೇ ತರಿಸಿಟ್ಟಿದ್ದ ಧಾರವಾಡ ಪೇಢೆಯ ಡಬ್ಬಿ ಒಡೆದು, ಮೊದಲನೆಯದನ್ನು ನೀಲಾಂಬಿಕಾಳ ಕೈಗೇ ಕೊಟ್ಟರು. ಯಾರೋ ಸೀಟಿ ಹೊಡೆದರು.

ಮಧ್ಯಾಹ್ನದ ಊಟ ಮುಗಿಸಿ ಬಂದವರು ಪರದೆ ನೋಡಿದರು. ನೀರಿನ ಗೆರೆ ಏರಿತ್ತು. ಸಂಜೆಗೆ ಏಳನೆಯ ಬಾವಿಯಿಂದ ಬರುತ್ತಿದ್ದುದು ಹೆಚ್ಚುಕಮ್ಮಿ ಬರೀ ನೀರು, ಕಾಕಂಬಿಯ ವಾಸನೆಯ ಉಪ್ಪುನೀರು.

"ಹೆಪ್ಪು ಕಚ್ಚಿಕೊಂಡಿಲ್ವೇನೋ ಮೇಡಂ" ಎಂದರು ಶ್ರೀಕಂಠಯ್ಯ.

ನೀಲಾಂಬಿಕಾ ಬಾವಿಯ ಒಳಗೋಡೆಯಿಂದ, ಎಣ್ಣೆ ಇರುವ ಆಳದಲ್ಲೇ, ಒಂದು ಕಲ್ಲಿನ ತುಂಡು ಕೊರೆದು ತರಲು ಹೇಳಿದಳು. ಅದು ಬಂದಾಗ ತಟ್ಟೆಯ ಮೇಲಿಟ್ಟು, ಮೊದಲ ವರ್ಷ ಅದೇ ಬಾವಿಯಿಂದ ತೆಗೆದಿದ್ದ ತುಂಡನ್ನು ಪಕ್ಕದಲ್ಲಿಟ್ಟಳು. ಹಳೆಯದು ಕಂದುಗಪ್ಪು, ಅಷ್ಟು ವರ್ಷವಾದರೂ ಮುಟ್ಟಿದರೆ ಕೈಗೆ ಜಿಡ್ಡು. ಹೊಸದು ಒಗೆದು ಒಣಹಾಕಿದ ಬಟ್ಟೆಯ ಹಾಗೆ ಬಿಳುಚಿಕೊಂಡಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುಳಗಳು ಪ್ರತಿ ಕಣಕ್ಕೂ ಕಚ್ಚಿಕೊಂಡಿದ್ದವು. ಹೆಪ್ಪು ಒಳ್ಳೆಯದೇ ಇತ್ತು. ಎಣ್ಣೆಯ ಕೆಲಸದವರಿಗೆ ಕಲ್ಲನ್ನು ನಾಲಿಗೆಗೆ ಮುಟ್ಟಿಸಿ ನೋಡುವ ಒಂದು ಚಾಳಿ ಇದೆ. ಅವಳೂ ಮುಟ್ಟಿಸಿದಳು. ಉಪ್ಪು ಬಿಟ್ಟರೆ ಬೇರೆ ರುಚಿಯೇ ಇರಲಿಲ್ಲ.

ಮೊದಲ ವರ್ಷಗಳ ಗಟ್ಟಿ ಹುಳಗಳೇ ತೊಳೆಯಬೇಕಾದುದನ್ನೆಲ್ಲ ತೊಳೆದುಬಿಟ್ಟಿದ್ದವು. ಸಡಿಲಾದ ಎಣ್ಣೆ ಆಮೇಲೆ ವರ್ಷಗಟ್ಟಲೆ ಹರಿಯುತ್ತಲೇ ಇದ್ದುದರಿಂದ, ಹಿಂದೆ ಬಂದ ಹುಳಗಳು ಸೋಮಾರಿಗಳೆಂದು ಯಾರಿಗೂ ಗೊತ್ತಾಗಲಿಲ್ಲ. ಅವಳ ತಪ್ಪು ತಪ್ಪೇ. ಆದರೆ ಬಾವಿ ಬತ್ತಿದ್ದು ಆ ತಪ್ಪಿನಿಂದ ಅಲ್ಲ. ಬಾವಿಯಲ್ಲಿ ಎಣ್ಣೆ ಇರಲಿಲ್ಲ, ಅಷ್ಟೇ. ಆ ಬೆಳಿಗ್ಗೆ ಬಂದದ್ದು ಬಾಯಿ ಮುಚ್ಚಿದ್ದ ವಾರಗಳಲ್ಲಿ ಕೊಳವೆಯಲ್ಲಿ ಕೂಡಿಕೊಂಡಿದ್ದ ಕೊನೆಯ ಚೂರು. ನೀಲಾಂಬಿಕಾ ಬಾಗಿಲು ಹಾಕಿಕೊಂಡು ಅತ್ತಳು. ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

ಉಳಿದ ಬಾವಿಗಳಿಂದಲೂ ತುಂಡುಗಳನ್ನು ತರಿಸಿದಳು. ಎಲ್ಲವೂ ಬಿಳುಚು. ಶ್ರೀಕಂಠಯ್ಯ ಅವುಗಳನ್ನು ಒಂದೊಂದಾಗಿ ಎತ್ತಿ ನೋಡಿ ಕೆಳಗಿಟ್ಟು, ಬಾಗಿಲು ಮುಚ್ಚಿ ಬಂದು ಕೂತರು.

"ಒಂಚೂರು ನನ್ನ ಮಾತು ಕೇಳಿ ಮೇಡಂ. ಹೆಪ್ಪು ಕೆಟ್ಟಿತ್ತು ಅನ್ನೋದು ಸುಳ್ಳಲ್ಲ ತಾನೆ?"

"ಸುಳ್ಳಲ್ರಿ."

"ಅಷ್ಟೇ ಬರೀರಿ. ಹೆಪ್ಪು ಕೆಟ್ಟಿತ್ತು, ಸರಿಪಡಿಸ್ತಿದೀವಿ, ಸ್ವಲ್ಪ ಟೈಮ್ ಬೇಕು ಅಂತ. ಹೆಡ್ ಆಫೀಸು ಇನ್ನೊಂದು ಎರಡು ವರ್ಷ ಈ ಫೀಲ್ಡ್ ಮುಚ್ಚಲ್ಲ. ಇಲ್ಲಿರೋ ಹುಡುಗರು ಅಷ್ಟರಲ್ಲಿ ಬೇರೆ ಕಡೆ ಕೆಲಸ ನೋಡ್ಕೋತಾರೆ. ನಿಮಗೆ ಸ್ವಲ್ಪ ಕೆಟ್ಟ ಹೆಸರು ಬರುತ್ತೆ, ನಿಜ. ಆದರೆ ನಿಮ್ಮಷ್ಟು ಒಳ್ಳೆ ಹೆಸರಿರೋರಿಗೆ ಅದೇನು ದೊಡ್ಡದು?"

"ಮತ್ತ ಹತ್ತೂರು ಮಂದಿ?"

ಶ್ರೀಕಂಠಯ್ಯ ಕನ್ನಡಕ ತೆಗೆದು ಒರೆಸತೊಡಗಿದರು. "ಡೀಸೆಲ್ ಇರೋತನಕ ಅವರ ಟ್ಯಾಂಕು ತುಂಬಿಸೋಣ" ಎಂದರು.

ಮನೆಗೆ ಹೋಗುವ ದಾರಿಯಲ್ಲಿ ಅವಳು ಆ ಮಾತನ್ನು ಮನಸ್ಸಿನಲ್ಲಿ ತಿರುವಿ ತಿರುವಿ ನೋಡಿದಳು. ಸುಳ್ಳು ಹೇಳಬೇಕಿಲ್ಲ, ಅರ್ಧ ನಿಜ ಹೇಳಿದರೆ ಸಾಕು. ಬೈಗುಳ ತನಗೊಬ್ಬಳಿಗೇ. ಗಂಡನ ಮಾತೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಎರಡು ಬದಿಯ ಹೊಲಗಳಲ್ಲಿ ಉಳ್ಳಾಗಡ್ಡಿ ಕೀಳುತ್ತಿದ್ದರು. ಡೀಸೆಲ್ ಪಂಪುಗಳು ಟಕಟಕ ಎನ್ನುತ್ತಿದ್ದವು. ಆ ಹೊಲಗಳಲ್ಲೆಲ್ಲೂ ಒಂದು ಕರೆಂಟಿನ ಕಂಬವಿರಲಿಲ್ಲ, ಬೇಡವೆಂದು ಕಳಿಸಿದ್ದರಲ್ಲ. ಹುಳ ಇಲ್ಲದಿದ್ದರೆ ಎಣ್ಣೆ ಹತ್ತು ವರ್ಷದಿಂದ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತ ಬರುತ್ತಿತ್ತು, ಇವರೂ ಎಲ್ಲರಂತೆ ಗೊಣಗುತ್ತ ಗೊಣಗುತ್ತ ಬದಲಾಗಿರುತ್ತಿದ್ದರು. ಇಳಿಜಾರು ಇರಬೇಕಾದ ಕಡೆ ತಾನು ಕಮರಿ ತೋಡಿಟ್ಟ ಹಾಗಾಯಿತು ಎನಿಸಿತು ಅವಳಿಗೆ.

ಗಂಡನಿಗೆ ಎಲ್ಲವನ್ನೂ ಹೇಳಿದಳು. ಗುರುಪಾದಪ್ಪ ಮೊದಲು ನಂಬಲಿಲ್ಲ, ಆಮೇಲೆ ಸಿಟ್ಟಿಗೆದ್ದ.

"ಹೋದ ತಿಂಗಳಾ ಹೆಪ್ಪು ಕೆಟ್ಟೈತಿ ಅಂದಿ. ಈಗ ಎಣ್ಣೀನ ಇಲ್ಲ ಅಂತಿ. ನಾಳೆ ಏನಂತಿ?"

"ನಾಳೇನೂ ಇದನ್ನ ಅಂತೇನ್ರಿ."

"ಹತ್ತೂರಿಗೆ ನಾ ಮಾತು ಕೊಟ್ಟೇನಿ, ಗೊತ್ತೈತೇನು? ನಿನ್ನ ಹೆಸರ ಮ್ಯಾಲೆ ಕೊಟ್ಟೇನಿ! ನನ್ನ ಮಾರಿ ಎಲ್ಲಿ ಇಟಗೊಳ್ಳಿ?" ಅವನ ದನಿ ಒಡೆಯಿತು. "ಮ್ಯಾನೇಜರ ಹೇಳಿದ್ದರಾಗ ತಪ್ಪೇನೈತಿ? ಎರಡ ವರ್ಷ ಸಿಗತೈತಲ್ಲ."

"ಎರಡ ವರ್ಷ ಕಂಪನಿಗೆ ಸಿಗತೈತ್ರಿ. ನಮಗ ಸಿಗೂದಿಲ್ಲ. ಲೈನ್ ಈ ಸಲ ಹೋದ್ರ ಹೋತು."

ಅವನು ರೊಟ್ಟಿಯ ತಟ್ಟೆ ಸರಿಸಿ ಎದ್ದುಹೋದ. ಅಂದಿನಿಂದ ಸಭೆಯ ದಿನದವರೆಗೆ ಗಂಡ ಹೆಂಡತಿ ಮಾತಾಡಲಿಲ್ಲ. ಮಾತಿಗೆ ಮಾತು ಹೊಂದಿಸುವ ಕೆಲಸ ಗೌರವ್ವನ ಪಾಲಿಗೆ ಬಂತು. "ಚಹಾ ಆಗೇತಂತ ಹೇಳು ನಿನ್ನ ಗಂಡಗ" ಎಂದು ಸೊಸೆಗೆ, "ಚಹಾ ಕುಡಿತಿಯಂತ ಕೇಳಾಕತ್ಯಾಳ" ಎಂದು ಮಗನಿಗೆ. ಯಾರೂ ಏನೂ ಕೇಳಿರಲಿಲ್ಲ.

ಸಭೆ ಸೊಸೈಟಿಯ ಗೋದಾಮಿನಲ್ಲಿ ನಡೆಯಿತು. ಉಳ್ಳಾಗಡ್ಡಿ ಚೀಲಗಳ ಮೇಲೂ ಜನ ಕೂತಿದ್ದರು. ವಿದ್ಯುತ್ ಅಧಿಕಾರಿ ಮೂಲೆಯಲ್ಲೊಂದು ಮೇಜು ಹಾಕಿಕೊಂಡು, ಈ ಸಲವೂ ಚಹಾ ಕುಡಿದು ಹೋಗುವುದೇ ಎಂಬ ಮುಖ ಮಾಡಿಕೊಂಡಿದ್ದ. ಗುರುಪಾದಪ್ಪ ಮುಂದಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಏಳನೆಯ ಬಾವಿಯ ಸುದ್ದಿ ಆಗಲೇ ಊರೂರು ಸುತ್ತಿತ್ತು. ಸುದ್ದಿ ಸುತ್ತಿದರೆ ಹೇಗಿರುತ್ತದೆ, ನಿಮಗೆ ಗೊತ್ತೇ ಇದೆ: ಹೆಪ್ಪು ಕೆಟ್ಟದ್ದು ಎಲ್ಲರ ಕಿವಿಗೂ ಮುಟ್ಟಿತ್ತು, ಕಲ್ಲು ಬಿಳುಚಿದ್ದು ಯಾರ ಕಿವಿಗೂ ಮುಟ್ಟಿರಲಿಲ್ಲ.

ನೀಲಾಂಬಿಕಾ ಎದ್ದು ನಿಲ್ಲುವ ಮೊದಲೇ ಬಾಳಪ್ಪ ತಳವಾರ ಎದ್ದ. ಹಿರಿಯ, ಹತ್ತೂರಲ್ಲಿ ದೊಡ್ಡ ಉಳ್ಳಾಗಡ್ಡಿ ಬೆಳೆಗಾರ.

"ತಂಗೀ, ಹೆಪ್ಪು ಕೆಟ್ಟಿತ್ತಂತ ಕೇಳಿದ್ವಿ. ಏನಾತು ಬಿಡು, ತಪ್ಪು ಯಾರ ಮಾಡೂದಿಲ್ಲ? ಇಷ್ಟು ವರ್ಷ ನಮ್ಮನ್ನ ನಡಿಸಿಕೊಂಡು ಬಂದಿ. ನಾವೇನು ಒಂದು ಮಾತು ಅನ್ನೂದಿಲ್ಲ. ಹೊಸಾದು ಹಾಕು, ನಾವು ಕಾಯ್ತೇವಿ."

"ಹೌದ್ ಹೌದು, ಕಾಯ್ತೇವಿ" ಎಂದು ಗೋದಾಮಿನ ತುಂಬ ತಲೆಗಳು ಆಡಿದವು. ಅಷ್ಟೂ ಜನ ಅವಳನ್ನು ಕ್ಷಮಿಸಲು ತಯಾರಾಗಿ ಬಂದಿದ್ದರು. ಹೂಂ ಎಂದರೆ ಮುಗಿಯುತ್ತಿತ್ತು.

"ಹೆಪ್ಪು ಕೆಡಿಸಿದ್ದು ನಾನ ಕಾಕಾ, ಖರೆ" ಎಂದಳು. "ಆದ್ರ ಎಣ್ಣಿ ಹೋಗಿದ್ದು ಅದರಿಂದ ಅಲ್ಲ. ಅದರಿಂದ ಹೋಗಿದ್ರ ಎಷ್ಟು ಚಲೋ ಇತ್ತು! ನಿಮ್ಮ ಕಾಲಿಗೆ ಬಿದ್ದು, ಹೊಸಾದು ಹಾಕಿ, ಮತ್ತ ಎಣ್ಣಿ ತಗಿತಿದ್ದೆ. ಹೊಸಾದು ಹಾಕಿ ನೋಡೇನಿ. ಕೆಳಗ ಏನೂ ಉಳಿದಿಲ್ಲ. ಹುಳಾ ಎಣ್ಣಿ ಹುಟ್ಟಸೂದಿಲ್ರಿ, ಇದ್ದದ್ದನ್ನ ತಗದ ಕೊಡತಾವ. ಕೂತು ಉಂಡರ ಕುಡಿಕಿ ಹೊನ್ನೂ ಸಾಲದಂತ. ನಾ ನಿಮಗ ಕುಡಿಕಿ ತಳಾ ಕಾಣದಂಗ ಮಾಡಿದೆ. ಅದು ನನ್ನ ದೊಡ್ಡ ತಪ್ಪು."

ಹಿಂದಿನಿಂದ ಒಂದು ದನಿ ಎದ್ದಿತು: "ಮತ್ತ ಇಪ್ಪತ್ತು ವರ್ಷ ಅಂದಿದ್ರೆಲ್ಲಾ?" ಇನ್ನೊಂದು, ಮತ್ತೊಂದು. "ನಿಮ್ಮ ಮಾತು ನಂಬಿ ಕಂಬಾ ಹಾಕಾಕ ಬಂದಾವ್ರನ್ನ ಓಡಿಸಿದ್ವಿ!" "ಬಾಯಿ ಬಿಡಬೇಕಲ್ಲವಾ ಮೊದಲ!" ಚೀಲದ ಮೇಲೆ ಕೂತವರೂ ಎದ್ದು ನಿಂತರು. ನೀಲಾಂಬಿಕಾ ಅಲ್ಲಾಡದೆ ನಿಂತಳು. ಅವರ ಸಿಟ್ಟು ಅವಳಿಗೆ ನ್ಯಾಯವಾಗಿಯೇ ಕಂಡಿತು.

ಆಗ ಗುರುಪಾದಪ್ಪ ಎದ್ದ. ಹೆಂಡತಿಯ ಪಕ್ಕಕ್ಕೆ ಬಂದು ನಿಂತ. ಅವನು ಕೈ ಎತ್ತಿದರೆ ಹತ್ತೂರು ಸುಮ್ಮನಾಗುವುದು ರೂಢಿ. ಇವತ್ತು ಸುಮ್ಮನಾಗಲು ಹೊತ್ತು ಹಿಡಿಯಿತು.

"ಇಪ್ಪತ್ತು ವರ್ಷ ಅಂದಾಂವ ನಾನು" ಎಂದ. "ಆಕಿ ಅಲ್ಲ. ಆಕಿ ಒಂದ ದಿನಾನೂ ಅಂದಿಲ್ಲ. ಬೈಯೂದಿದ್ರ ನನ್ನ ಬೈರಿ."

"ಆಕಿ ಹೇಳಿದ್ಲಂತ ನೀನ ಹೇಳ್ತಿದ್ದೆಲ್ಲೋ ಗುರುಪಾದಾ!" ಎಂದ ಬಾಳಪ್ಪ.

"ಹೇಳ್ತಿದ್ದೆ. ಆಕೀನ್ನ ಕೇಳಿರಲಿಲ್ಲ." ಗುರುಪಾದಪ್ಪ ತಲೆ ಎತ್ತಿದ. "ಒಂದ ಮನ್ಯಾಗ ಇದ್ದು, ಒಂದ ತಟ್ಯಾಗ ಉಂಡು, ಎಷ್ಟು ವರ್ಷಕ್ಕ ಎಣ್ಣಿ ಐತಿ ಅಂತ ಒಂದ ಸಲಾನೂ ಕೇಳಲಿಲ್ಲ. ಕೇಳಿದ್ರ ಏನಂತಾಳೋ ಅಂತ ಅಂಜಿಕಿ. ಕೇಳದ ಇದ್ರ ಇಪ್ಪತ್ತು ಅನ್ನಬಹುದು, ಮೂವತ್ತೂ ಅನ್ನಬಹುದು."

ಹೆಂಡತಿಯ ಕಡೆ ತಿರುಗಿದ. ಎಷ್ಟೋ ದಿನದ ಮೇಲೆ ಅವಳ ಮುಖ ನೋಡಿದ.

"ಈಗ ಕೇಳ್ತೇನಿ ನೀಲಾ. ಇವರೆಲ್ಲರ ಮುಂದ ಹೇಳು. ಎಷ್ಟು ದಿನಕ್ಕ ಐತಿ?"

ಅವಳ ಕಣ್ಣು ತುಂಬಿ ಬಂತು. ದನಿ ಮಾತ್ರ ನಡುಗಲಿಲ್ಲ. "ಹಿಂಗಾರಿ ಬಿತ್ತೂಕ ಆಗತೈತ್ರಿ. ಮುಂದಿನ ಮುಂಗಾರಿಗೆ ಇಲ್ಲ."

ಗುರುಪಾದಪ್ಪ ತಲೆಯಾಡಿಸಿದ. ನೇರ ಮೂಲೆಯ ಮೇಜಿನ ಹತ್ತಿರ ಹೋಗಿ, "ನನ್ನ ಹೆಸರ ಬರಕೋರಿ ಸಾಹೇಬ್ರ" ಎಂದ.

ಅಧಿಕಾರಿ ಗಡಬಡಿಸಿ ಪೆನ್ನು ಹುಡುಕಿದ. "ಬರಕೋತೇನ್ರಿ ಗೌಡ್ರ. ಆದ್ರ ಈಗ ಬರಸಿದ್ರೂ ಲೈನ್ ಎಳದು ಟ್ರ್ಯಾಕ್ಟರ್ ಬರೂದರಾಗ ಮುಂದಿನ ದೀಪಾವಳಿ ಆಗತೈತ್ರಿ. ನಡುವಿನ ಮುಂಗಾರಿಗೆ ನಾ ಏನೂ ಮಾಡಾಕ ಬರೂದಿಲ್ಲ."

"ಎತ್ತು ಹೂಡೂದು."

"ಎತ್ತು ಎಲ್ಲಿ ಅದಾವೋ ನಮ್ಮೂರಾಗ?" ಎಂದು ಯಾರೋ ಕೂಗಿದರು. "ಟ್ರ್ಯಾಕ್ಟರ ಬಂದಾಗ ಎಲ್ಲಾ ಮಾರಿದ್ವಿ. ನೇಗಿಲಾ, ಕುಂಟಿ ಹಿಡಿಯೂದೂ ಯಾರಿಗೂ ನೆನಪಿಲ್ಲ!"

"ನೆನಪಿದ್ದವ್ರನ್ನ ಹುಡುಕಿ ಕೇಳೂದು" ಎಂದ ಗುರುಪಾದಪ್ಪ, ಹಿಂದೆ ತಿರುಗದೆ. "ಇನ್ನ ಮ್ಯಾಲೆ ಕೇಳೇ ಮಾಡೂದು."

ಬಾಳಪ್ಪ ನೀಲಾಂಬಿಕಾಳ ಕಡೆ ನೋಡಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋಗಿ ಗುರುಪಾದಪ್ಪನ ಹಿಂದೆ ನಿಂತ. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರು ಬಂದರು. ನೀಲಾಂಬಿಕಾ ಕಣ್ಣು ಒರೆಸಿಕೊಂಡು, ಸಾಲಿನ ಕೊನೆಯವರಿಗೆ ಕೂರಲು ಒಂದು ಬೆಂಚು ಎಳೆದು ತಂದಳು.